ಬೇವು ಕುಡಿಯಾಕ ಬರ್ರಿ

ಯುಗಾದಿ ದಿನ ಮೈಸೂರು ಕಡೆಯವರು ಚಿಟಿಕಿಯಷ್ಟು ಬೇವು-ಬೆಲ್ಲ ಬಾಯಾಗ ಒಗಕೊಂಡು ಮಾರಿ ಸೊಟ್ಟ ಮಾಡತಾರ. ನಮ್ಮ ಮುದ್ದೇಬಿಹಾಳದಾಗ ಹಂಗಲ್ರಿ. ನಾವು ಬೇವು ತಿನ್ನಂಗಿಲ್ಲ, ಕುಡಿತೀವಿ. ಹೊಸ ಗಡಿಗಿ ತುಂಬ ಬೆಲ್ಲದ ನೀರು, ಅದರಾಗ ಹುಣಸಿ ರಸ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಗಸಗಸಿ, ಉತ್ತತ್ತಿ, ವಿಜಯಪುರದ ಒಣದ್ರಾಕ್ಷಿ. ಇಷ್ಟೆಲ್ಲ ಆದ ಮ್ಯಾಲೆ, ಪಾಪ, ಬೇವಿನ ಹೂ. ಹೆಸರು ಮಾತ್ರ ಅದರದು!

ಅಕ್ಕನ ಮಗ ಅಮೆರಿಕಾದಾಗ ಅದಾನ. ಮನ್ಯಾಗ ಬಿಯರ್ ಮಾಡತಾನ. “ಮಾಮಾ, ಇಲ್ಲಿ 1978ರಾಗ ಕಾಯ್ದೆ ಬದಲಿ ಮಾಡ್ಯಾರ. ಗಂಡ-ಹೆಂಡತಿ ಇಬ್ಬರಿದ್ದ ಮನಿಗೆ ವರ್ಷಕ್ಕ 200 ಗ್ಯಾಲನ್” ಅಂತಾನ. ನಮ್ಮಲ್ಲಿ ಲೈಸೆನ್ಸ್ ಇಲ್ಲದ ಮಾಡಿದರ 1965ರ ಕಾಯ್ದೆ ಹಿಡಕೊಂಡು ಅಬಕಾರಿಯವರು ಬೀಗರಂಗ ಮನಿಗೆ ಬರತಾರ. ಅದಕ್ಕ ನನಗ ಫೋನಿನಾಗ ಬರೇ ಪಾಠ: ಬಾರ್ಲಿ ಮಾಲ್ಟಿಂದ ಸಿಹಿ, ಹಾಪ್ಸ್ ಹೂವಿಂದ ಕಹಿ. ಹಾಪ್ಸ್ ಹೆಚ್ಚು ಹೊತ್ತು ಕುದ್ದರ ಕಹಿ ಹೆಚ್ಚು, ಕಡೀಕ ಹಾಕಿದರ ಬರೇ ಘಮ. ಸಿಹಿ ಅಳಿಯೋ ಮೊದಲ ಗ್ರಾವಿಟಿ 1.050 ಇದ್ದರ 50 ಅಂತ ಹಿಡಿ, ಕಹಿಯ ಅಳತಿ 25 ಐಬಿಯು ಇಡು, ತಕ್ಕಡಿ ಸಮ. ಮ್ಯಾಲೆ ಯೀಸ್ಟ್ ಕುಂತು ಸಿಹಿ ತಿಂತಿರತದ, ಅದರ ಲೆಕ್ಕ ಬ್ಯಾರೆ.

“ಅಜ್ಜಿ ಬೇವಿಗೆ ಎಷ್ಟು ಐಬಿಯು ಮಾಮಾ?” ಅಂದ. ಅವ್ವಗ ಕೇಳಿದೆ. “ಬಾಯಾಗ ಇದ್ದಾಗ ಗೊತ್ತಾಗಬಾರದು, ನುಂಗಿದ ಮ್ಯಾಲೆ ಗೊತ್ತಾಗಬೇಕು, ಅಷ್ಟು” ಅಂದ್ಲು. ಇಂಜಿನಿಯರ್ ಮಗ, ಬರಕೊಂಡ.

ಬೇವಿನ ಕಹಿ ಸಣ್ಣ ಆಸಾಮಿ ಅಲ್ರಿ. 1942ರಾಗ ಸಲೀಮುಜ್ಜಮಾನ್ ಸಿದ್ದಿಕಿ ಅನ್ನೋ ವಿಜ್ಞಾನಿ ಬೇವಿನ ಎಣ್ಣಿಯಿಂದ ನಿಂಬಿನ್ ಅನ್ನೋ ಕಹಿ ಬ್ಯಾರೆ ಮಾಡಿ ತಗದರು. ನಮ್ಮ ವೈನಿ ಅವರನ್ನೂ ದಾಟ್ಯಾರ. ಬೇವಿನಿಂದ ಬೇವನ್ನ ತಗದಾರ! ಹುಡುಗರು ಕುಡಿಯಂಗಿಲ್ಲ ಅಂತ ಎಂಟ್ಹತ್ತು ಹೂ ತೇಲಿಬಿಟ್ಟು, ಮ್ಯಾಲೆ ಗೋಡಂಬಿ. “ವೈನಿ, ಇದು ಪಾನಕ ಆತಲ್ರಿ?” ಅಂದೆ.

“ಹಿತ್ತಲಾಗ ಬೇವಿನ ಗಿಡದ ನೆರಳಿಗೆ ಕುಂತು ಕುಡೀರಿ, ಕಹಿ ಹತ್ತತದ” ಅಂದ್ರು.

ಮುಂದಿನ ಯುಗಾದಿಗೆ ಹೂ ನಾನ ಹಾಕಾಂವ, ಅವ್ವನ ಲೆಕ್ಕಕ್ಕ. ನೀವೂ ಬರ್ರಿ. ವೈನಿಗೆ ಮಾತ್ರ ಹೇಳಬ್ಯಾಡ್ರಿ.