ಹಾಳೆ ಸರಿಸುವ ಮಹಾಶಯ

ತಾಲ್ಲೂಕಿನ ಯಾವ ಕಚೇರಿಗೆ ಹೋದರೂ ಇವನೊಬ್ಬ ಇದ್ದೇ ಇರುತ್ತಾನೆ. ಹುದ್ದೆ ಡಾಟಾ ಎಂಟ್ರಿ ಆಪರೇಟರ್. ಜನ ಕರೆಯುವುದು ‘ಕಂಪ್ಯೂಟರ್‌ನೋರು’. ಸಾಹೇಬರು ಯಾವ ವರದಿ ಕೇಳಲಿ, ಉತ್ತರ ಒಂದೇ: ‘ಹೋದ ತಿಂಗಳದ್ದು ಐತಲ್ಲ ಸರ್, ಕಾಪಿ ಹೊಡೆದ್ರ ಮುಗೀತು.’ ಎಕ್ಸೆಲ್‌ನಲ್ಲಿ ಅವನು ಹೊಸ ಹಾಳೆ ತೆರೆದದ್ದನ್ನು ಕಂಡವರಿಲ್ಲ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು, ಕೆಳಗಿನ ಟ್ಯಾಬನ್ನು ಎಳೆದು ಪಕ್ಕಕ್ಕೆ ಬಿಟ್ಟರೆ ‘ಕೂಡ್ಲಿಗಿ (2)’ ಹುಟ್ಟುತ್ತದೆ. ಅದನ್ನಳಿಸಿ ‘ಕೊಟ್ಟೂರು’ ಎಂದು ಬರೆದರೆ ತಾಲ್ಲೂಕು ತಯಾರು. ನಿಜವಾದ ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಲು ಎಷ್ಟು ವರ್ಷ ಕಾಯಬೇಕಾಯಿತೋ, ಇಲ್ಲಿ ಎರಡು ಸೆಕೆಂಡು. ಅಂಕಿ ಬದಲಿಸುವುದರೊಳಗೆ ಚಹಾ ಬಂತೆಂದರೆ ಮಾತ್ರ, ಕೂಡ್ಲಿಗಿಗೆ ಸುರಿದ ಮಳೆ ಮಿಲಿಮೀಟರೂ ತಪ್ಪದೆ ಕೊಟ್ಟೂರಿಗೂ ಸುರಿದುಬಿಡುತ್ತದೆ.

ಇವನನ್ನು ಸೋಮಾರಿ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಪ್ರತಿ ಸಲ ಹೊಸದಾಗಿ ಗೆರೆ ಎಳೆಯುತ್ತ ಕೂತರೆ ಹಗರಿಬೊಮ್ಮನಹಳ್ಳಿಯ ಶೇಂಗಾ ಐದನೇ ಸಾಲಿಗೆ, ಹಡಗಲಿಯದು ಏಳನೆಯದಕ್ಕೆ ಹೋಗಿ ಕೂರುತ್ತದೆ. ವಿಜಯನಗರ ಜಿಲ್ಲೆಯ ಮೊತ್ತಕ್ಕೆ ಅದಕ್ಕಿಂತ ದೊಡ್ಡ ಶನಿ ಇಲ್ಲ. ನಕಲೇ ಇಲ್ಲಿ ಶಿಸ್ತು. ಅವನ ತಪ್ಪಿರುವುದು ನಕಲನ್ನು ಎಲ್ಲಿಡಬೇಕೆಂದು ಯೋಚಿಸದಿರುವುದರಲ್ಲಿ. ಎಕ್ಸೆಲ್‌ನಲ್ಲಿ ಒಂದು ಸೂತ್ರವಿದೆ: ಈ ಹಾಳೆಯಿಂದ ಆ ಹಾಳೆಯವರೆಗೆ ನಡುವೆ ಇರುವುದನ್ನೆಲ್ಲ ಕೂಡು. ಅದು ಹೆಸರು ಕೇಳುವುದಿಲ್ಲ, ಜಾಗ ನೋಡುತ್ತದೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಕೂಡು ಎಂದರೆ ಆ ಎರಡರ ಮಧ್ಯೆ ಸಿಕ್ಕಿದ್ದೆಲ್ಲ ಲೆಕ್ಕಕ್ಕೆ. ಮರೆತು ಬಿಟ್ಟ ‘ಕೂಡ್ಲಿಗಿ (2)’ ಕೂಡ. ಕನ್ನಡದ ಅಕಾರಾದಿಯಲ್ಲಿ ಹಾಳೆ ಜೋಡಿಸಿದರೆ ಇನ್ನೂ ಮಜಾ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಸಾಲು ನಿಂತ ಮೇಲೆ ಜಿಲ್ಲಾ ಕೇಂದ್ರ ಹೊಸಪೇಟೆ ಸಾಲಿನ ಬಾಲಕ್ಕೆ ಬಿದ್ದು ಮೊತ್ತದಿಂದಲೇ ಹೊರಗುಳಿಯುತ್ತದೆ. ಗೌರವಕ್ಕೆಂದು ‘ಹೂವಿನಹಡಗಲಿ’ ಎಂದು ಪೂರ್ತಿ ಬರೆದಿರೋ, ಅದೂ ಹರಪನಹಳ್ಳಿ ದಾಟಿ ಆಚೆ ಹೋಯಿತು. ಅಲ್ಲಿನ ಮಲ್ಲಿಗೆಯ ಹೆಕ್ಟೇರುಗಳೂ ಅದರ ಹಿಂದೆಯೇ.

ಎಳೆದಾಟ ಬೇಡವೆಂದು ಟ್ಯಾಬಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಮೂವ್ ಆರ್ ಕಾಪಿ’ ಆರಿಸಿದರೆ ಬರುವ ಪೆಟ್ಟಿಗೆಯಲ್ಲಿ ಯಾವ ಕಡತಕ್ಕೆ, ಯಾವ ಹಾಳೆಯ ಮುಂದೆ ಎಂಬ ಪ್ರಶ್ನೆಗಳಿವೆ. ತೀರಾ ಕೆಳಗೆ, ಕಣ್ಣಿಗೆ ಬೀಳದಂತೆ, ‘ನಕಲು ಮಾಡು’ ಎಂಬ ಪುಟ್ಟ ಚೌಕ. ಅಲ್ಲಿ ಟಿಕ್ ಹಾಕದೆ ಓಕೆ ಒತ್ತಿದರೆ ಹಾಳೆ ನಕಲಾಗುವುದಿಲ್ಲ, ಗಂಟುಮೂಟೆ ಕಟ್ಟಿಕೊಂಡು ವಲಸೆ ಹೋಗುತ್ತದೆ. ಹರಪನಹಳ್ಳಿಗೆ ಇದನ್ನು ವಿವರಿಸಬೇಕಿಲ್ಲ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ: ಸರ್ಕಾರವೂ ಆ ತಾಲ್ಲೂಕನ್ನು ಟಿಕ್ ಹಾಕದೆಯೇ ಸರಿಸಿತು. ಜನರೇನೋ ಹೊಂದಿಕೊಂಡರು. ಹಾಳೆ ಹೊಂದಿಕೊಳ್ಳುವುದಿಲ್ಲ, ಕಡತ ಬದಲಾದರೂ ಅದರ ಸೂತ್ರಗಳು ಹಳೆಯ ಕಡತದ ಹಾಳೆಗಳ ಕಡೆಗೇ ಕೈಚಾಚುತ್ತವೆ. ತೆರೆದ ಕೂಡಲೇ ‘ಲಿಂಕ್ ಅಪ್‌ಡೇಟ್ ಮಾಡಲೇ?’ ಎಂದು ಎಕ್ಸೆಲ್ ಕೇಳುವುದು ಅದಕ್ಕೇ. ನಮ್ಮ ಮಹಾಶಯ ಓದದೆ ‘ಬೇಡ’ ಎನ್ನುತ್ತಾನೆ.

ತಾಲ್ಲೂಕೆಂಬ ಒಂದು ಕಾಲಂ ಇಟ್ಟು ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಈ ತಂಟೆಯೇ ಇಲ್ಲವಲ್ಲ ಎಂದು ಬಲ್ಲವರು ಹೇಳುತ್ತಾರೆ. ಮಾತು ಸರಿ, ಕಚೇರಿ ಬೇರೆ. ಪ್ರತಿ ತಾಲ್ಲೂಕಿನ ಸಾಹೇಬರಿಗೂ ತಮ್ಮದೇ ಪುಟ ಬೇಕು, ಕೆಳಗೆ ಸಹಿಗೆ ಜಾಗ ಬೇಕು, ಪಕ್ಕದೂರಿನ ಅಂಕಿ ಕಾಣಬಾರದು. ಹಾಗಿರುವಾಗ ‘ಆರಂಭ’, ‘ಅಂತ್ಯ’ ಎಂಬ ಎರಡು ಖಾಲಿ ಹಾಳೆಗಳನ್ನು ಆಚೀಚೆ ನಿಲ್ಲಿಸಿ ಸೂತ್ರವನ್ನು ಅವಕ್ಕೇ ಕಟ್ಟುವುದು ಮೇಲು. ನಡುವಿನ ಊರುಗಳು ಹೇಗೆ ಹೊರಳಿದರೂ ಮೊತ್ತ ಕದಲದು. ಇದನ್ನು ಅವನಿಗೆ ಹೇಳಿ ನೋಡಿ, ತಕ್ಷಣ ಒಪ್ಪುತ್ತಾನೆ. ಮರುದಿನ ‘ಆರಂಭ (2)’ ಕೂಡ ಸಿದ್ಧವಾಗಿರುತ್ತದೆ.