ದೇವರು ಆಚಿ, ನಂದಿ ಈಚಿ

ವೈನಿ, ಏ ವೈನಿ! ಇತ್ತ ಬೇಲಿ ಕಡೆ ಬರ್ರಿ. ಕೈ ಹಸಿ ಇದ್ರ ಇರ್ಲಿ, ಸೆರಗಿಗೆ ಒರಸ್ಕೊಂಡ ಬರ್ರಿ. ಹಿಡೀರಿ, ನರಸೋಬಾವಾಡಿ ಪ್ರಸಾದ. ಇದು ಪೇಢೆ, ಇದು ಬ್ಯಾಲದ ಹಣ್ಣಿನ ಬರ್ಫಿ. ಅಲ್ಲಿ ಕವಠ ಬರ್ಫಿ ಅಂತಾರ. ಹುಳಿನೂ ಐತಿ, ಸಿಹಿನೂ ಐತಿ, ಬಾಯಾಗ ಇಟ್ಟ ನೋಡ್ರಿ. ನಿನ್ನೆ ರಾತ್ರಿ ಬಂದ್ವಿ. ಕಾಲು ಬಾತಾವು, ಖರೆ ಮನಸ್ಸು ಇನ್ನೂ ಬಸ್ಸಿನಾಗ ಐತಿ.

ನಮ್ಮ ಸಂಘದಾಗ ವಾರಕ್ಕೊಮ್ಮೆ ಕೂಡ್ತೀವಲ್ಲ, ಆ ಐದ ಮಂದಿನ ಹೋಗಿದ್ವಿ. ಗಂಡಸರಿಲ್ಲ, ಕಾರಿಲ್ಲ. ಬೆನ್ನಿಗೊಂದು ಚೀಲ, ಅದರಾಗ ಎರಡು ಸೀರಿ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಚಾದರ. ಈ ಹುಚ್ಚು ಹಚ್ಚಿದಾಂವ ನನ್ನ ತಂಗಿ ಮಗ. ಅಂವ ಗೆಳ್ಯಾರ ಕೂಡ ಪೆರು ದೇಶದಿಂದ ಬೊಲಿವಿಯಾಕ್ಕ ಬಸ್ಸಿನಾಗ ಹೋಗಿದ್ದ. ಟಿಟಿಕಾಕಾ ಅಂತ ಸರೋವರ ಐತಂತ, ಸಮುದ್ರದಕಿಂತ 3,812 ಮೀಟರ್ ಮ್ಯಾಲ. ಅದರ ದಂಡಿಗೆ ಕಸಾನಿ ಅನ್ನೋ ಕಡೆ ಗಡಿ. ಬಸ್ಸು ನಿಂತಿತಂದ್ರ ಎಲ್ಲಾರೂ ಇಳೀಬೇಕು, ಒಂದು ಕಚೇರ್ಯಾಗ ಶಿಕ್ಕಾ ಹಾಕಿಸ್ಕೋಬೇಕು, ನಡಕೊಂಡ ಗಡಿ ದಾಟಬೇಕು, ಆಚಿ ಕಡೆ ಇನ್ನೊಂದು ಶಿಕ್ಕಾ, ಆಮ್ಯಾಲ ಮತ್ತ ಬಸ್ಸು. ಮುಂದ ತಿಕಿನಾ ಅಂತ ಒಂದು ಜಾಗಾದಾಗ ನೀರು ದಾಟಾಕ ಬಸ್ಸನ್ನ ತೆಪ್ಪದ ಮ್ಯಾಲ ಏರಿಸ್ತಾರಂತ, ಮಂದಿನ್ನ ಬ್ಯಾರೆ ದೋಣ್ಯಾಗ ಒಯ್ತಾರಂತ. ಫೋಟೋ ತೋರಿಸಿದಾಗ ನಾ ನೋಡಿದ್ದು ಬ್ಯಾರೆ. ಗಡಿ ಎರಡೂ ಕಡೆ ಹೆಣ್ಮಕ್ಳು ಒಂದ ನಮೂನಿ ಬಣ್ಣದ ಬಟ್ಟಿ ಕಟ್ಟಿ ಬೆನ್ನಾಗ ಕೂಸು ಹೊತ್ತಾರ. "ಇವರು ಯಾವ ದೇಶದವರೋ?" ಅಂದ್ರ, "ದೊಡ್ಡವ್ವಾ, ಐಮಾರಾ ಮಂದಿ ಅವರು. ಈಚಿನೂ ಅವರ, ಆಚಿನೂ ಅವರ. ಮಾತೂ ಒಂದ" ಅಂದ. ನಮ್ಮ ಅತ್ತಿ ನೆನಪಾದ್ರು.

ನಮ್ಮ ಅತ್ತಿ ತವರು ಶಿರೋಳ ಕಡೆ ಅಲ್ಲೇನ್ರಿ? 1954ರಾಗ ಲಗ್ನ ಆಗಿ ಕಬ್ಬೂರಿಗೆ ಬಂದಾಗ ಆ ಊರೂ ಮುಂಬಯಿ ರಾಜ್ಯ, ಈ ಊರೂ ಮುಂಬಯಿ ರಾಜ್ಯ. 1956ರ ನವೆಂಬರ್ 1ಕ್ಕ ನಮ್ಮ ಜಿಲ್ಲಾ ಮೈಸೂರಿಗೆ ಬಂತು, ತವರು ಆಚಿ ಉಳೀತು. 1960ರಾಗ ಅದು ಮಹಾರಾಷ್ಟ್ರ ಆತು, 1973ರಾಗ ನಮ್ಮದು ಕರ್ನಾಟಕ ಆತು. ಅತ್ತಿ ಮಾತ್ರ ಒಲಿ ಮುಂದ ಕುಂತಲ್ಲೇ ಕುಂತಿದ್ರು. ಪಂಚಮಿಗೆ ತವರಿಗೆ ಹೊಂಟ್ರ "ಕೃಷ್ಣಾ ದಂಡಿಗೆ ಹೋಗಿ ಬರ್ತೇನಿ" ಅಂತಿದ್ರ ಹೊರತು, ಬ್ಯಾರೆ ರಾಜ್ಯಕ್ಕ ಹೊಂಟೇನಿ ಅಂತ ಒಂದ ದಿನಾನೂ ಅಂದಾವರಲ್ಲ.

ಹಾದಿ ಕೇಳ್ತೀರಿ? ಚಿಕ್ಕೋಡಿ, ನಿಪ್ಪಾಣಿ, ಕೊಲ್ಲಾಪುರ, ವಾಡಿ, ಖಿದ್ರಾಪುರ, ತಿರುಗಿ ಯಡೂರ ಮ್ಯಾಲ ಮನಿ. ನಿಪ್ಪಾಣಿ ತನಕ ನಮ್ಮ ಬಸ್ಸಿನಾಗ ಸೊನ್ನಿ ತಿಕೀಟು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದೈತಲ್ಲ. ಅದಕ್ಕ ಮೂರು ತಿಂಗಳ ಮೊದಲ ಅತ್ಲಾಗ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಾಗ ಹೆಣ್ಮಕ್ಳಿಗೆ ಅರ್ಧಾ ತಿಕೀಟು ಮಾಡ್ಯಾರ. ಆ ಸರ್ಕಾರದ ರಿಯಾಯತಿ ಅವರ ಸೀಮಿಯೊಳಗ, ಈ ಸರ್ಕಾರದ್ದು ಇವರ ಸೀಮಿಯೊಳಗ. ಲೆಕ್ಕಾ ಹಾಕಿ ಬಸ್ಸು ಬದಲಿ ಮಾಡ್ಕೊಂಡ ಹೋದ್ರ ಹೆಣ್ಣಮಗಳ ಕೈಯಾಗಿನ ನೂರು ರೂಪಾಯಿ ಭಾಳ ದೂರ ಹೋಗತೈತಿ. ಮೊದಲ ತಿಕೀಟಿನ ರೊಕ್ಕಾ ಕೇಳಾಕ ಮನ್ಯಾಗ ಎಷ್ಟು ಮಾರಿ ನೋಡ್ಬೇಕಿತ್ತು, ನಿಮಗೂ ಗೊತ್ತೈತಿ. ಇದನ್ನ ಸಣ್ಣ ಮಾತು ಅಂತ ಯಾರರೆ ಅಂದ್ರ ನಾ ಒಪ್ಪಾಕಿ ಅಲ್ಲ.

ನಿಪ್ಪಾಣ್ಯಾಗ ಕೆಂಪು ಎಸ್.ಟಿ. ಹತ್ತಿದ್ವಿ. ಕೊಗನೊಳ್ಳಿ ಟೋಲ್ ನಾಕಾ ದಾಟಿತು, ದೂಧಗಂಗಾ ಸೇತುವೆ ಬಂತು, ಮುಂದ ಕಾಗಲ. ಗಡಿ ಅಂದ್ರ ಅಷ್ಟ. ಅಂಗಡಿ ಬೋರ್ಡಿನ ಅಕ್ಷರ ಬದಲಿ ಆದ್ವು, ಕಬ್ಬು ಬದಲಿ ಆಗಲಿಲ್ಲ, ಮಣ್ಣಿನ ಬಣ್ಣ ಬದಲಿ ಆಗಲಿಲ್ಲ. ಕಂಡಕ್ಟರ್ ಮರಾಠ್ಯಾಗ ಎಲ್ಲಿಗೆ ಅಂತ ಕೇಳಿದ. ನಾ ಗಡಬಡ್ಯಾಗ "ಐದು ಕೊಲ್ಲಾಪುರ ಕೊಡಪಾ" ಅಂದ್ಯಾ. ಅಂವ "ಎಲ್ಲಾರೂ ಒಂದ ಊರಿನವರೇನ್ರಿ ಅವ್ವಾ?" ಅಂತ ಚೊಲೋ ಕನ್ನಡದಾಗ ಕೇಳಿದ! ಗಡಹಿಂಗ್ಲಜ ಕಡೆಯಾಂವ. ಮನ್ಯಾಗ ಅವ್ವನ ಕೂಡ ಕನ್ನಡ, ಹೇಣ್ತಿ ಕೂಡ ಮರಾಠಿ.

ಎಲ್ಲಾ ದಿನಾನೂ ಹಿಂಗ ಇರೂದಿಲ್ಲ ಅನ್ನೂದೂ ಗೊತ್ತೈತಿ ವೈನಿ. 2021ರಾಗ ಕರೋನಾ ಚೀಟಿ ಇಲ್ಲದ ಕೊಗನೊಳ್ಳಿ ದಾಟಾಕ ಬಿಡತಿದ್ದಿಲ್ಲ. 2022ರ ಡಿಸೆಂಬರಿನ್ಯಾಗ ಗಡಿ ಗದ್ದಲದಾಗ ಬಸ್ಸು ನಿಂತ್ವು, 2025ರ ಫೆಬ್ರುವರ್ಯಾಗ ಮತ್ತ ನಿಂತ್ವು. ಆ ಡಿಸೆಂಬರಿನ್ಯಾಗ ನಾ ನಾದಿನಿ ಮೊಮ್ಮಗಳ ತೊಟ್ಟಲಕ್ಕ ಹೊಂಟಿದ್ದೆ. ಕುಲಾವಿ, ಕುಪ್ಪಸ, ಬೆಳ್ಳಿ ಕಡಗ ಎಲ್ಲಾ ಚೀಲದಾಗ. ನಿಪ್ಪಾಣಿ ಸ್ಟ್ಯಾಂಡಿನಾಗ ಹೊತ್ತು ಮುಳುಗೂ ಮಟ ಕುಂತು ತಿರುಗಿ ಬಂದ್ಯಾ. ಕೂಸಿನ ಹೆಸರು ಫೋನಿನ್ಯಾಗ ಕೇಳಬೇಕಾತು. ಬಸ್ಸಿಗೆ ಕಲ್ಲು ಒಗ್ಯಾವರು ಯಾವ ಭಾಷೆ ಮಾತಾಡಿದ್ರೇನು, ಒಳಗ ಕುಂತಾಕಿ ಯಾರದೋ ಅತ್ತಿ, ಯಾರದೋ ಮಗಳು. ಆ ಸಿಟ್ಟು ನನಗ ಇನ್ನೂ ಆರಿಲ್ಲ.

ಇರ್ಲಿ. ಕೊಲ್ಲಾಪುರದಾಗ ಅಂಬಾಬಾಯಿ ದರ್ಶನ ಮುಗಿಸಿ ವಾಡಿಗೆ ಬಂದ್ವಿ. ಅಲ್ಲಿ ಕೃಷ್ಣಾ-ಪಂಚಗಂಗಾ ಕೂಡ್ತಾವು. ಗುಡ್ಯಾಗ ಇರೂದು ದತ್ತನ ಪಾದುಕಾ. ಮಳಿಗಾಲದಾಗ ಹೊಳಿ ಏರಿ, ನೀರು ಉತ್ತರದ ಬಾಗಿಲಿಂದ ಒಳಗ ಬಂದು, ಪಾದುಕಾ ಮುಟ್ಟಿ ದಕ್ಷಿಣದ ಬಾಗಿಲಿಂದ ಹೊರಗ ಹೋಗತೈತಿ. ಅದಕ್ಕ ದಕ್ಷಿಣ ದ್ವಾರ ಅಂತಾರ. ಆ ನೀರಾಗ ಮುಳುಗಾಕ ಮಂದಿ ಸಾಲ ಹಚ್ಚತಾರ. ಅದ ನೀರು ಮುಂದ ನಮ್ಮ ಚಿಕ್ಕೋಡಿ ಸೀಮಿಗೆ ಬಂದಾಗ ಕಲ್ಲೋಳ-ಯಡೂರ ಸೇತುವೆ ಮುಳುಗಿಸತೈತಿ. ಅಲ್ಲಿ ತೀರ್ಥ, ಇಲ್ಲಿ ಮಹಾಪೂರ. 2019ರ ಆಗಸ್ಟಿನ್ಯಾಗ ಎರಡೂ ಕಡೆ ಮನಿ ಬಿದ್ವು, ಎರಡೂ ಕಡೆ ದನಾ ಹೋದ್ವು.

ಈಗ ಖಿದ್ರಾಪುರ ಹೇಳ್ತೇನಿ, ಬರ್ಫಿ ಇನ್ನೊಂದ ತಗೋರಿ. ಕುರುಂದವಾಡದಿಂದ ಬಸ್ಸು ಸಿಕ್ಕಿತು. ಊರು ಸಣ್ಣದು, ಹೊಳಿ ದಂಡಿಗೆ ಐತಿ. ಕೋಪೇಶ್ವರ ಗುಡಿ ಶಿಲಾಹಾರ ಅರಸರ ಕಾಲದ್ದು. ಮುಂದ ಸ್ವರ್ಗಮಂಟಪ ಅಂತ ಐತಿ, 48 ಕಂಬ. ನಡುವ ಮಾಳಿಗೇನ ಇಲ್ಲ. ಹದಿಮೂರು ಫೂಟ ಅಗಲದ ದುಂಡನ್ನ ಬೆಳಕಿಂಡಿ, ಅದರ ತೆಳಗ ಅಷ್ಟ ದುಂಡನ್ನ ಕಲ್ಲು. ಆ ಕಲ್ಲಿನ ಮ್ಯಾಲ ನಿಂತು ಮಾರಿ ಎತ್ತಿದ್ರ ಬರೇ ಆಕಾಶ. ಐದೂ ಮಂದಿ ಸುಮ್ಮನ ನಿಂತ್ವಿ. ನಮ್ಮ ಮಂದಿ ಸುಮ್ಮನ ನಿಲ್ಲೂದು ನೀವು ಎಂದರೆ ನೋಡೀರೇನು?

ಸುತ್ತ ಹಾಕುವಾಗ ನಮ್ಮೊಳಗ ಒಬ್ಬಾಕಿ "ಇಲ್ಲಿ ಬರ್ರಿ, ಇದು ನಮ್ಮ ಅಕ್ಷರ!" ಅಂತ ಒದರಿದಳು. ಖರೇನ. ಅಲ್ಲಿ ಶಾಸನ ಹೆಚ್ಚಿನವು ಹಳಗನ್ನಡದವು. ದೇವಗಿರಿ ಯಾದವರ ಸಿಂಘಣನದೊಂದು ದೇವನಾಗರ್ಯಾಗ ಐತಿ, ಭಾಷಾ ಸಂಸ್ಕೃತ. ಆಕಿ ಏಳನೇತ್ತೆ ಕಲ್ತು ಬಿಟ್ಟಾಕಿ. ಕಲ್ಲಿನ ಮ್ಯಾಲ ಬಟ್ಟು ಆಡಿಸ್ಕೋಂತ ಒಂದೊಂದ ಅಕ್ಷರ ಗುರ್ತು ಹಿಡಿದಳು. ಪೂರಾ ಸಾಲು ಓದಾಕ ಬರಲಿಲ್ಲ, ಆದ್ರೂ ಕೈ ತಗೀಲಿಲ್ಲ. ಬಾಜೂಕ ಒಬ್ಬರು ಮರಾಠಿ ಅಜ್ಜಿ ಇದ್ರು. ಏನ್ ಬರದೈತಿ ಅಂತ ಆಕೀನ್ನ ಕೇಳಿ, ತಾವೂ ಅದರ ಮ್ಯಾಲ ಕೈ ಆಡಿಸಿದ್ರು.

ಆ ಗುಡ್ಯಾಗ ನಂದಿ ಇಲ್ಲ ವೈನಿ! ಶಿವನ ಗುಡಿ, ನಂದಿ ಇಲ್ಲ. ಕಥಿ ಹಿಂಗೈತಿ. ಸತಿ ತವರಿನ ಯಜ್ಞಕ್ಕ ನಂದಿ ಏರಿ ಹೋದಳು. ಅಪ್ಪ ದಕ್ಷ ಅವಮಾನ ಮಾಡಿದ, ಆಕಿ ಬೆಂಕಿಗೆ ಬಿದ್ದಳು. ಶಿವ ಕೋಪದಾಗ ಕುಂತಾಂವ ಇಲ್ಲಿ ಕೋಪೇಶ್ವರ ಆದ. ಅವನ ಸಿಟ್ಟು ಇಳಸಾಕ ಬಂದ ವಿಷ್ಣುನೂ ಗರ್ಭಗುಡ್ಯಾಗ ಲಿಂಗ ಆಗಿ ಬಾಜೂಕ ಅದಾನ. ಸತೀನ್ನ ಹೊತ್ತು ಹ್ವಾದ ನಂದಿ ಮಾತ್ರ ತಿರುಗಿ ಬರಲಿಲ್ಲ. ಎಲ್ಲಿ ಉಳೀತಂದ್ರ, ನಮ್ಮ ಯಡೂರಾಗ. ದಕ್ಷನ ಯಜ್ಞ ಕೆಡಿಸಿದ ವೀರಭದ್ರನ ಗುಡಿ ಇರೋ ಊರಾಗ! ನಾ ಎಷ್ಟ ಸಲ ಯಡೂರ ಜಾತ್ರಿ ಮಾಡೇನಿ, ಇದು ನನಗ ಗೊತ್ತಿದ್ದಿಲ್ಲ.

ಅದಕ್ಕ ಹಠಾ ಹಿಡದ್ಯಾ. ಕೊಲ್ಲಾಪುರ ಮ್ಯಾಲ ತಿರುಗಿ ಹೋಗೂದು ಬ್ಯಾಡ, ಯಡೂರ ಮ್ಯಾಲ ಹೋಗೂಣು ಅಂದ್ಯಾ. ನೇರ ಬಸ್ಸು ಸಿಗಲಿಲ್ಲ, ಟಂಟಂ ಹಿಡದ್ವಿ. ಕಬ್ಬಿನ ಗಾಡಿ ಹಿಂದ ನಿಧಾನ ಬರ್ತಿದ್ವಿ. ಈ ಸಲ ಗಡಿ ಯಾವಾಗ ದಾಟಿತು ಅನ್ನೂದೂ ತಿಳೀಲಿಲ್ಲ. ಒಂದು ಸಾಲಿಯ ಗ್ವಾಡಿ ಮ್ಯಾಲ ಕನ್ನಡ ಕಂಡಾಗ ಎಲ್ಲಾರೂ ಒಮ್ಮೆಲೆ "ಬಂದ್ವಿ" ಅಂದ್ವಿ. ಯಡೂರಾಗ ನಂದಿ ಕಿವ್ಯಾಗ ನಾ ಒಂದ ಮಾತು ಹೇಳಿದ್ಯಾ, "ಅಲ್ಲಿ ಅರಾಮ ಅದಾನಪಾ, ನೋಡ್ಕೊಂಡ ಬಂದೀವಿ" ಅಂತ. ನಗಬ್ಯಾಡ್ರಿ. ಹೇಳುವಾಗ ನನ್ನ ಕಣ್ಣಾಗ ನೀರು ಬಂದಿತ್ತು.

ಕಾರ್ತಿಕ ಹುಣ್ಣಿಮಿಗೆ ಸ್ವರ್ಗಮಂಟಪದ ಬೆಳಕಿಂಡ್ಯಾಗ ಚಂದ್ರ ಬರ್ತಾನಂತ. ಆಗ ಮತ್ತ ಹೊಂಟೀವಿ. ಈ ಸಲ ಆರು ಮಂದಿ. ಹೌದ್ರಿ, ಆರನೇದವರು ನೀವ. ಎಮ್ಮಿ ನಿಮ್ಮ ಸೊಸಿ ಹಿಂಡ್ತಾಳ, ನಾ ಮುಂಜಾನೆನ ಕೇಳೇನಿ. ಚೀಲ ನನ್ನ ಕಡೆ ಒಂದು ಹೆಚ್ಚಿಂದೈತಿ. ಆಧಾರ ಕಾರ್ಡು ಮಾತ್ರ ಈಗ ಹುಡುಕಿ ಇಡ್ರಿ. ಗುರ್ತಿನ ಚೀಟಿ ಇಲ್ಲಂದ್ರ ಸೊನ್ನಿ ತಿಕೀಟು ಕೊಡೂದಿಲ್ಲ.