ಪಾಂಡುವಿನ ಬಾಣ, ಪಳನಿಯ ಬಾಳೆ

ಬೆದೆಗೆ ಬಂದ ಜಿಂಕೆಗೆ ಬಾಣ ಬಿಟ್ಟವರಲ್ಲಿ ಪಾಂಡುವಿನಷ್ಟು ಹೆಸರು ಕೆಡಿಸಿಕೊಂಡವರು ಇನ್ನೊಬ್ಬರಿಲ್ಲ. ಕಾಡಿನ ನಡುವೆ ಗಂಡು ಹೆಣ್ಣು ಎರಡೂ ಮೈಮರೆತು ನಿಂತಿವೆ. ಗುರಿ ಅಲ್ಲಾಡುವ ಹಾಗೂ ಇಲ್ಲ. ಅದಕ್ಕೆ ಮಹಾರಾಜರು ಹೂಡಿದ್ದು ಐದು ಬಾಣ! ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ ಪ್ರಾಣ ಬಿಡುವ ಮುಂಚೆ ವಾದಕ್ಕೆ ನಿಂತ. ಬೇಟೆ ರಾಜರ ಧರ್ಮ ತಾನೇ ಎಂದು ಪಾಂಡು. ಕೊಂದದ್ದಕ್ಕೆ ನನ್ನ ತಕರಾರಿಲ್ಲ ಮಾರಾಯ, ಒಂದು ಗಳಿಗೆ ತಡೆಯಬಾರದಿತ್ತೇ ಎಂದು ಋಷಿ. ನ್ಯಾಯವಾದ ಮಾತೇ. ಶಾಪ ಏನಾಯಿತೆಂದು ಎಲ್ಲರಿಗೂ ಗೊತ್ತು. ಐದು ಬಾಣಕ್ಕೆ ಐದು ಮಕ್ಕಳು, ಒಬ್ಬನೂ ಸ್ವಂತದವನಲ್ಲ. ವ್ಯಾಸರಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು.

ವಿಸ್ಕಾನ್ಸಿನ್‌ನಲ್ಲಿರುವ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಅವನು ನಗಲೇ ಇಲ್ಲ. "ಐದು ಯಾಕೆ ಮಾಮ? ಮುಂಗಾಲಿನ ಹಿಂದೆ, ಪಕ್ಕೆಗೆ ಸರಿಯಾಗಿ ಬಿದ್ದರೆ ಒಂದೇ ಸಾಕು" ಅಂದ. ಅವನು ಸಾಫ್ಟ್‌ವೇರಿನವನು. ಆ ಊರಿನ ಚಳಿ ತಡೆಯಲಾರದೆ ಏನಾದರೊಂದು ಹವ್ಯಾಸ ಬೇಕೆಂದು ಬಿಲ್ಲುಬೇಟೆಗೆ ಬಿದ್ದ. ಅಲ್ಲಿ ಲೈಸೆನ್ಸ್ ಕೊಡುತ್ತಾರೆ, ಋತು ಗೊತ್ತುಮಾಡುತ್ತಾರೆ. ನವೆಂಬರ್ ಬಂತೆಂದರೆ ಬಿಳಿಬಾಲದ ಜಿಂಕೆಗಳಿಗೆ ಬೆದೆ, ಇವನಿಗೆ ರಜೆ.

ಅವನ ಬಿಲ್ಲು ನಮ್ಮ ಅರ್ಜುನನದಂಥದ್ದಲ್ಲ. ಎರಡು ತುದಿಗೂ ರಾಟೆ. ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ ಕಂಡುಹಿಡಿದು 1969ರಲ್ಲಿ ಪೇಟೆಂಟ್ ಪಡೆದದ್ದು. ಪೂರ್ತಿ ಎಳೆದ ಮೇಲೆ ಕೈಗೆ ಭಾರವೇ ಕಡಿಮೆಯಾಗುತ್ತದಂತೆ, ಹಾಗಾಗಿ ಜಿಂಕೆ ತಿರುಗುವವರೆಗೂ ಎಳೆದೇ ಕಾಯಬಹುದು. ಪಾಂಡುವಿನ ಬಳಿ ಇದ್ದಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಮರದ ಮೇಲೆ ಅಟ್ಟಣೆ ಕಟ್ಟಿ ಕೂರಬೇಕು. ಇಪ್ಪತ್ತು ಮೂವತ್ತು ಗಜಕ್ಕೆ ಬರುವತನಕ ಕೈ ಎತ್ತಬಾರದು. ಬಾರದಿದ್ದರೆ ಉದುರಿದ ಕೊಂಬು ಎರಡನ್ನು ಒಂದಕ್ಕೊಂದು ಬಡಿಯಬೇಕು. ಯಾರೋ ಇಬ್ಬರು ತನ್ನ ಸೀಮೆಯಲ್ಲಿ ಕಾದಾಡುತ್ತಿದ್ದಾರೆಂದು ಗಂಡು ರೇಗಿ ಓಡಿಬರುತ್ತದೆ. ಗುಟುರು ಹಾಕಲು ಒಂದು ಕೊಳವೆ. ಇದೆಲ್ಲಕ್ಕಿಂತ ದುಬಾರಿಯದು ಬೆದೆಗೆ ಬಂದ ಹೆಣ್ಣುಜಿಂಕೆಯ ಮೂತ್ರ, ಸಣ್ಣ ಬಾಟಲಿಯಲ್ಲಿ. ಗೋಮೂತ್ರದ ಬಾಟಲಿ ಕಂಡ ನಾಡಿನವರು ನಾವು, ನಗುವ ಹಾಗಿಲ್ಲ. ಆದರೆ ವಾಸನೆಯಿಲ್ಲದ ಸೋಪು ಕೊಂಡು ತನ್ನ ವಾಸನೆ ತೊಳೆದು, ಆಮೇಲೆ ದುಡ್ಡು ಕೊಟ್ಟು ಇನ್ನೊಬ್ಬರ ವಾಸನೆ ತರುವುದು ಅಕ್ಕನಿಗೆ ಹಿಡಿಸಿಲ್ಲ. ಮದುವೆ ವಯಸ್ಸು ಮೀರುತ್ತಿರುವ ಮಗ ಮರ ಹತ್ತಿ ಕೂತಿರುವುದು ಅದಕ್ಕಿಂತಲೂ ಹಿಡಿಸಿಲ್ಲ.

ಈ ವಿದ್ಯೆಯ ಪರೀಕ್ಷೆ ನಡೆದದ್ದು ಕಂಬಂನಲ್ಲಿ. ತಂಗಿಯನ್ನು ಕೊಟ್ಟ ಮನೆ ಅಲ್ಲಿದೆ. ತೇನಿಯಿಂದ ದಕ್ಷಿಣಕ್ಕೆ ಹೋದರೆ ಎರಡು ಬೆಟ್ಟಸಾಲಿನ ನಡುವೆ ಭತ್ತ, ತೆಂಗು, ಬಾಳೆ. ಚಪ್ಪರದ ಕೆಳಗೆ ಕಪ್ಪು ಪನ್ನೀರು ದ್ರಾಕ್ಷಿ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದ ಮೇಲೆ ಕೇರಳದ ಕಡೆಗೆ ಹರಿಯುತ್ತಿದ್ದ ನೀರು ಈ ಕಡೆ ತಿರುಗಿತು. ಅಣೆ ಕಟ್ಟಿಸಿದ ಪೆನ್ನಿಕ್ವಿಕ್ ಸಾಹೇಬರ ಹೆಸರಿನಲ್ಲಿ ಇಲ್ಲಿ ಪೊಂಗಲ್ ಇಡುತ್ತಾರೆ. ತಮಿಳಿನ ನಡುವೆಯೇ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುವ ಒಕ್ಕಲು ಕುಲದವರು ಈ ಕಣಿವೆಯಲ್ಲಿದ್ದಾರೆ. ನಮ್ಮ ಕಿವಿಗೆ ಅದು ಸ್ವಲ್ಪ ಹಳೆಯದು, ಸ್ವಲ್ಪ ತಮಿಳು. 1909ರಲ್ಲಿ ಅಚ್ಚಾದ ಥರ್ಸ್ಟನ್ ಸಾಹೇಬರ ಗ್ರಂಥದಲ್ಲಿ ಇವರ 'ದೇವರು ಆವು' ಎಂಬ ಗೋವಿನ ಹಿಂಡಿನ ವಿವರವಿದೆ. ತಮಿಳರ ಬಾಯಲ್ಲಿ ಅದು ತಂಬಿರಾನ್ ಮಾಡು. ಆ ಹಿಂಡಿಗೊಂದು ಪಟ್ಟದ ಹೋರಿ. ಅದು ಸತ್ತರೆ ಮರ್ಯಾದೆಯಿಂದ ಮಣ್ಣು ಮಾಡಿ, ಕೆಲಕಾಲ ಕಳೆದ ಮೇಲೆ ಹಿಂಡನ್ನೆಲ್ಲ ಸೇರಿಸಿ ಎದುರಿಗೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದು ಬಾಯಿ ಹಾಕಿದ ಹೋರಿಗೆ ಪಟ್ಟ. ಗುದ್ದಾಟವಿಲ್ಲ, ರಕ್ತವಿಲ್ಲ. ನಮ್ಮ ವಿಧಾನಸಭೆಗೂ ಇದನ್ನು ತರಬಹುದಿತ್ತು, ಕಬ್ಬಿಗೆ ಬಾಯಿ ಹಾಕುವವರು ಒಬ್ಬರಿಗಿಂತ ಹೆಚ್ಚಾದಾರು ಎಂಬ ಭಯವಿಲ್ಲದಿದ್ದರೆ.

ತಂಗಿಯ ಮಾವನವರು ಹುಡುಗನಾಗಿದ್ದಾಗ ದನದ ಹಿಂದೆ ಮೇಘಮಲೆಯ ಕಾಡಿಗೆ ಹೋದವರು. ಜಗುಲಿಯಲ್ಲಿ ಕೂತು ಫೋನಿನಲ್ಲಿ ಅಕ್ಕನ ಮಗನ ವಿಡಿಯೋ ನೋಡಿದರು. ಕೊಂಬು ಬಡಿಯುವುದನ್ನು ನೋಡಿ "ಇದು ಸರಿ" ಎಂದರು. ಬಾಟಲಿ ನೋಡಿ ಏನೂ ಅನ್ನಲಿಲ್ಲ.

ಅವರಿಗೆ ಗೊತ್ತಿರುವುದು ಕಡವೆ. ಹಿಂಗಾರು ಮಳೆ ಹಿಡಿದ ದಿನಗಳಲ್ಲಿ ಗಂಡು ಕಡವೆಗೆ ಊಟ ನಿದ್ದೆ ಬೇಡವಾಗುತ್ತದೆ. ಕುತ್ತಿಗೆಯ ಜೂಲು ನಿಮಿರುತ್ತದೆ, ಕೆಸರಿನಲ್ಲಿ ತನ್ನದೇ ಮೂತ್ರ ಕಲಸಿ ಹೊರಳುತ್ತದೆ, ಮರದ ತೊಗಟೆ ಸುಲಿಯುತ್ತದೆ, ಪೊದೆಗೆ ತಲೆ ಹಾಕಿ ತಿವಿದು ಕೊಂಬಿಗೆ ಹುಲ್ಲು ಬಳ್ಳಿ ಸಿಕ್ಕಿಸಿಕೊಂಡು ಅದೇ ಅಲಂಕಾರವೆಂಬಂತೆ ತಿರುಗುತ್ತದೆ. ಚುಕ್ಕೆ ಜಿಂಕೆಯ ಗದ್ದಲ ಹೆಚ್ಚಾಗಿ ಬೇಸಿಗೆಯದು. ಎಲ್ಲ ಮುಗಿದ ಮೇಲೆ ಕೊಂಬು ಉದುರಿ ಬೀಳುತ್ತದೆ, ಗಂಡು ಮತ್ತೆ ಸಾಧು. "ಮದುವೆ ಮನೆಯ ಪೇಟ ಕಳಚಿ ಇಟ್ಟಂಗೆ" ಎಂದರು.

ಆದರೆ ಅವರ ಪಾಠವೆಲ್ಲ ಗಾಳಿಯದು. ಬಿಸಿಲೇರಿದ ಮೇಲೆ ಗಾಳಿ ಕಣಿವೆಯಿಂದ ಬೆಟ್ಟಕ್ಕೆ ಹತ್ತುತ್ತದೆ, ಸಂಜೆ ತಂಪಾದ ಮೇಲೆ ಇಳಿಯುತ್ತದೆ. ಆದ್ದರಿಂದ ಹಗಲಲ್ಲಿ ಮೃಗಕ್ಕಿಂತ ಮೇಲೆ, ಸಂಜೆಗೆ ಕೆಳಗೆ ಇರಬೇಕು. ಒಂದು ಚಿಟಿಕೆ ಧೂಳು ಬಿಟ್ಟರೆ ಸಾಕು, ತಿಳಿಯುತ್ತದೆ. ಇಷ್ಟೆಲ್ಲ ಕಲಿತದ್ದು ಬೇಟೆಗೋ ಎಂದು ಕೇಳಿದೆ. "ಅಯ್ಯೋ, ಆನೆಗೆ ನಮ್ಮ ವಾಸನೆ ಹೋಗದಿರಲಿ ಅಂತ" ಎಂದರು. ಈಗ ಬೇಟೆಯ ಮಾತೂ ಇಲ್ಲ. 1972ರ ಕಾನೂನಿದೆ, 2021ರಿಂದ ಮೇಘಮಲೆ ಶ್ರೀವಿಲ್ಲಿಪುತ್ತೂರಿನ ಜೊತೆ ಸೇರಿ ಹುಲಿ ರಕ್ಷಿತಾರಣ್ಯ. ಕಡವೆಗೆ ಹೊಂಚುವ ಹಕ್ಕು ಪಟ್ಟೆಯವರಿಗೆ ಮಾತ್ರ, ಅವರಿಗೆ ಲೈಸೆನ್ಸ್ ಬೇಡ.

ಗಂಡಿನ ರೋಷವನ್ನೇ ಬಲೆ ಮಾಡುವ ಉಪಾಯ ಹೊಸದೇನಲ್ಲ. ಅಕ್ಬರನ ಕಾಲದಲ್ಲಿ ಸಾಕಿದ ಕೃಷ್ಣಮೃಗದ ಕೊಂಬಿಗೆ ಬಲೆ ಕಟ್ಟಿ ಬಿಡುತ್ತಿದ್ದರೆಂದು ಐನ್-ಇ-ಅಕ್ಬರಿ ಹೇಳುತ್ತದೆ. ಕಾಡಿನ ಗಂಡು ಗುದ್ದಲು ಬಂದು ಸಿಕ್ಕಿಬೀಳುತ್ತಿತ್ತು. ನಮ್ಮ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮೃಗಯೆಗೆ ಪ್ರತ್ಯೇಕ ಭಾಗವೇ ಇದೆ. ರಾಜ್ಯಭಾರದ ನಡುವೆ ಬಿಡುವು ಹೇಗೆ ಸಿಕ್ಕಿತೋ.

ಮಾವನವರ ಪ್ರಕಾರ ಇವರೆಲ್ಲರಿಗಿಂತ ಜಾಣ ಪಳನಿಯ ಮುರುಗ. ಪಳನಿ ಇರುವುದು ದಿಂಡಿಗಲ್ ಜಿಲ್ಲೆಯಲ್ಲಿ. ಅವನು ಒಲಿದ ವಳ್ಳಿ ಹುಟ್ಟಿದ್ದು ಜಿಂಕೆಯ ಹೊಟ್ಟೆಯಲ್ಲಿ, ಬೆಳೆದದ್ದು ಬೇಡರ ಮನೆಯಲ್ಲಿ. ತೆನೆ ಕಾಯುತ್ತಿದ್ದ ಅವಳೆದುರು ಮುರುಗ ಬೇಟೆಗಾರನ ವೇಷದಲ್ಲಿ ಬಂದು, ಜಿಂಕೆಯೊಂದು ಈ ಕಡೆ ಓಡಿತೇ ಎಂದು ಕೇಳುತ್ತಾನೆ. ಯಾವ ಜಿಂಕೆಯೂ ಓಡಿರಲಿಲ್ಲ. ಮದುರೆ ಸೀಮೆಯ ಜಾತ್ರೆಗಳಲ್ಲಿ ವಳ್ಳಿ ತಿರುಮಣಂ ನಾಟಕ ಇಡೀ ರಾತ್ರಿ ನಡೆಯುವುದು ಈ ಒಂದು ಸುಳ್ಳಿನ ಬಲದ ಮೇಲೆ. ಈಗಲೂ ವಿಜಯದಶಮಿಯಂದು ಸ್ವಾಮಿ ಪಳನಿಯಿಂದ ಕೋದೈಮಂಗಲಕ್ಕೆ ಹೋಗಿ ಬಾಣ ಬಿಡುವ ಉತ್ಸವವಿದೆ. ಗುರಿ ಅಸುರ, ಅಸುರನ ಪಾತ್ರದಲ್ಲಿ ನಿಲ್ಲುವುದು ಬಾಳೆಗಿಡ. ಇಡೀ ಜಿಲ್ಲೆಯಲ್ಲಿ ಕಾನೂನುಬದ್ಧ ಬಿಲ್ಲುಬೇಟೆ ಇದೊಂದೇ ಇರಬೇಕು.

"ನಿಮ್ಮ ಹುಡುಗನಿಗೆ ಹೇಳಿ," ಮಾವನವರು ಫೋನು ವಾಪಸು ಕೊಟ್ಟರು. "ಬಾಟಲಿ ಬಿಸಾಕಿ ಮರದಿಂದ ಇಳೀಲಿ. ಯಾರಾದರೂ ಹೆಣ್ಣುಮಗಳು ಕಂಡರೆ, ಜಿಂಕೆ ಓಡಿತಾ ಅಂತ ಕೇಳಲಿ."

ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿದ. "ಆ ಕಾಡಿಗೆ ಹೆಂಗಸರೂ ಬರ್ತಾರೆ ಮಾಮ," ಅಂದ, "ಆದರೆ ಎಲ್ಲರೂ ಎಲೆಬಣ್ಣದ ಅಂಗಿ ಹಾಕಿ ಮರದ ಮೇಲೇ ಕೂತಿರ್ತಾರೆ. ಯಾರಿಗೆ ಯಾರೂ ಕಾಣೋದಿಲ್ಲ."